ಹೊರಗೆ ಹೋಗುವ ಬಂದೂಕಿನ ಲೆಕ್ಕ

(ದಾವಣಗೆರೆ ಕೆ.ಬಿ. ಬಡಾವಣೆಯ ಒಂದು ಮನೆ. ದೊಡ್ಡಪ್ಪ ಬೆಂಗಳೂರಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ದುಡಿದು, ನಿವೃತ್ತರಾಗಿ ಊರಿಗೆ ಮರಳಿದವರು. ತಮ್ಮನ ಮಗಳು ಕಾನೂನು ಓದುತ್ತಿದ್ದಾಳೆ, ಸಂಜೆ ಲಾಯರ್ ರಸ್ತೆಯ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಾಳೆ.)

ಹುಡುಗಿ: ದೊಡ್ಡಪ್ಪ, 2013-14ರಲ್ಲಿ ನಮ್ಮ ದೇಶ ಹೊರಗೆ ಮಾರಿದ ಯುದ್ಧ ಸಾಮಗ್ರಿ 686 ಕೋಟಿ ರೂಪಾಯಿದು. 2024-25ರಲ್ಲಿ 23,622 ಕೋಟಿ. 2029ರ ಹೊತ್ತಿಗೆ 50,000 ಕೋಟಿ ಮುಟ್ಟಬೇಕು ಅನ್ನೋದು ಸರ್ಕಾರದ ಗುರಿ.

ದೊಡ್ಡಪ್ಪ: ಒಳ್ಳೇ ಸುದ್ದಿ ತಾನೇ? ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮುಖ್ಯವಾದ ಬಿಡಿಭಾಗಕ್ಕೆಲ್ಲ ರಷ್ಯಾ, ಫ್ರಾನ್ಸ್, ಇಂಗ್ಲೆಂಡ್ ಕಡೆ ಮುಖ ಮಾಡಿ ಕೂರಬೇಕಿತ್ತು. ಈಗ ಹೊರಗಿನವರು ನಮ್ಮ ಬಾಗಿಲಿಗೆ ಬರ್ತಿದ್ದಾರೆ.

ಹುಡುಗಿ: ಬರಲಿ. ಆದ್ರೆ ಯಾವ ದೇಶಕ್ಕೆ ಯಾವ ಸಾಮಾನು ಹೋಯ್ತು ಅಂತ ಸಂಸತ್ತಿನಲ್ಲಿ ಕೇಳಿದಾಗ, ಆಯಕಟ್ಟಿನ ಕಾರಣಗಳಿಂದ ಹೇಳಲಾಗದು ಅಂತ ಉತ್ತರ ಬಂದಿದೆ. ಒಟ್ಟು ಮೊತ್ತಕ್ಕೆ ಡಂಗುರ, ಪಟ್ಟಿಗೆ ಬೀಗ. ಅದಕ್ಕೇ ನಮ್ಮ ಸಂಸದರ ಕಚೇರಿಗೆ ಒಂದು ಪ್ರಶ್ನೆ ಬರೆದುಕೊಡೋಣ ಅಂತಿದ್ದೀನಿ, ಲೋಕಸಭೆಯಲ್ಲಿ ಕೇಳೋ ಹಾಗೆ.

ದೊಡ್ಡಪ್ಪ: ದಾವಣಗೆರೆಯಿಂದ? ಭದ್ರಾ ನಾಲೆಯ ಕೊನೇ ಭಾಗಕ್ಕೆ ನೀರಿಲ್ಲ, ಮೆಕ್ಕೆಜೋಳಕ್ಕೆ ರೇಟಿಲ್ಲ, ನೀನು ಹೋಗಿ ಬಂದೂಕಿನ ಪ್ರಶ್ನೆ ಕೊಡ್ತೀಯಾ? ಅವರ ಪಿ.ಎ. ನಿನ್ನ ಮುಖ ನೋಡಿ ನಗ್ತಾನೆ.

ಹುಡುಗಿ: ನಕ್ಕರೆ ನಗಲಿ ಬಿಡಿ. ನಾಲೆ, ಜೋಳದ ಬಗ್ಗೆ ಕೇಳೋಕೆ ಊರು ತುಂಬ ಜನ ಇದ್ದಾರೆ.

ದೊಡ್ಡಪ್ಪ: ಆಯ್ತು. ಆದ್ರೆ ಗುಟ್ಟು ಇಡೋದಕ್ಕೂ ಕಾರಣ ಇದೆ ಅನ್ನೋದು ತಿಳ್ಕೊ. ಕೊಳ್ಳೋ ದೇಶವೇ ಹೇಳುತ್ತೆ, ನಮ್ಮ ಹತ್ರ ಏನಿದೆ ಅಂತ ಪಕ್ಕದವನಿಗೆ ತಿಳಿಯಬಾರದು ಅಂತ. ನಾವು ಬಾಯಿ ಬಿಟ್ಟರೆ ಅವರು ಚೀನಾದ ಅಂಗಡಿಗೆ ಹೋಗ್ತಾರೆ.

ಹುಡುಗಿ: ಹಾಗೆ ಇಟ್ಟ ಗುಟ್ಟು ಉಳಿಯುತ್ತಾ? ವವುನಿಯಾ ನೆನಪಿದೆಯಾ ನಿಮಗೆ?

ದೊಡ್ಡಪ್ಪ: ಮರೆಯೋಕಾಗುತ್ತಾ? 2008, ಸೆಪ್ಟೆಂಬರ್ 9. ಶ್ರೀಲಂಕಾ ಸೇನೆಯ ವವುನಿಯಾ ನೆಲೆಯ ಮೇಲೆ ಎಲ್‌ಟಿಟಿಇ ದಾಳಿ ಮಾಡಿತು. ಗಾಯಗೊಂಡವರಲ್ಲಿ ಇಬ್ಬರು ನಮ್ಮವರು, ಭಾರತ್ ಎಲೆಕ್ಟ್ರಾನಿಕ್ಸ್, ಅಂದ್ರೆ ಬಿಇಎಲ್‌ನ ತಂತ್ರಜ್ಞರು. ನಾವು ಲಂಕೆಗೆ ಕೊಟ್ಟಿದ್ದ ಇಂದ್ರ ರಾಡಾರ್ ನೋಡಿಕೊಳ್ಳೋಕೆ ಹೋಗಿದ್ದವರು. ಆ ರಾಡಾರ್ ರೂಪಿಸಿದ್ದು ಬೆಂಗಳೂರಿನ ಎಲ್‌ಆರ್‌ಡಿಇ ಪ್ರಯೋಗಾಲಯ. ಸುದ್ದಿ ಬಂದ ದಿನ ನಮ್ಮ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ನಾಳೆ ನಮ್ಮನ್ನೂ ಎಲ್ಲಿಗೆ ಕಳಿಸ್ತಾರೋ ಅನ್ನೋ ಅಳುಕು ಕೂಡ.

ಹುಡುಗಿ: ನಮ್ಮ ಸರ್ಕಾರಿ ಕಂಪನಿಯ ನೌಕರರು ಇನ್ನೊಂದು ದೇಶದ ಅಂತರ್ಯುದ್ಧದ ನೆಲೆಯೊಳಗೆ ಕೂತಿದ್ದಾರೆ ಅನ್ನೋದು ನಮ್ಮಂಥವರಿಗೆ ತಿಳಿದದ್ದು ಅವರಿಗೆ ಪೆಟ್ಟು ಬಿದ್ದ ಮೇಲೆ. ದಾಳಿ ಆಗದೇ ಇದ್ದಿದ್ದರೆ?

ದೊಡ್ಡಪ್ಪ: ರಾಡಾರ್ ಯಾರನ್ನೂ ಕೊಲ್ಲಲ್ಲ. ಆಗ ಎಲ್‌ಟಿಟಿಇಗೆ ವಿಮಾನಗಳಿದ್ದವು, ರಾತ್ರಿ ಬಂದು ಬಾಂಬು ಹಾಕಿ ಹೋಗ್ತಿದ್ದವು. ಅವನ್ನ ನೋಡೋಕೆ ಕೊಟ್ಟ ಕಣ್ಣು ಅದು. ನಮ್ಮ ಪ್ರಧಾನಿಯಾಗಿದ್ದವರನ್ನೇ ಕೊಂದ ಸಂಘಟನೆ ಅನ್ನೋದನ್ನೂ ಮರೀಬೇಡ.

ಹುಡುಗಿ: ಮರೆತಿಲ್ಲ. ರಾಡಾರ್ ಕೊಟ್ಟಿದ್ದೇ ತಪ್ಪು ಅಂತ ನಾನೂ ಹೇಳ್ತಿಲ್ಲ. ಆದ್ರೆ ಮುಂದಿನ ಮೇ ತಿಂಗಳಲ್ಲಿ ಆ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಕೊಡುವ ಮುಂಚೆ ನಮ್ಮ ಸಂಸದರಲ್ಲಿ ಯಾರಾದ್ರೂ, ಬಾಗಿಲು ಹಾಕಿಕೊಂಡ ಕೋಣೆಯಲ್ಲಾದ್ರೂ, ಈ ಸೇನೆ ಇದನ್ನ ಹೇಗೆ ಬಳಸುತ್ತೆ ಅಂತ ಕೇಳಬೇಕಾದ ಒಂದು ವ್ಯವಸ್ಥೆ ಇತ್ತಾ? ಇವತ್ತಿಗಾದ್ರೂ ಇದೆಯಾ?

ದೊಡ್ಡಪ್ಪ: ಸಂಸತ್ತು ಏನೂ ಕೇಳೋದೇ ಇಲ್ಲ ಅನ್ನೋ ಹಾಗೆ ಮಾತಾಡ್ತೀಯಲ್ಲ. ಬೋಫೋರ್ಸ್ ಸಮಯದಲ್ಲಿ ಜಂಟಿ ಸಂಸದೀಯ ಸಮಿತಿನೇ ಆಯ್ತು. ಅದರ ಅಧ್ಯಕ್ಷರು ನಮ್ಮ ರಾಜ್ಯದವರೇ, ಚಿಕ್ಕೋಡಿಯ ಬಿ. ಶಂಕರಾನಂದ.

ಹುಡುಗಿ: ಆ ಸಮಿತಿ ಆದದ್ದು ಯಾವಾಗ?

ದೊಡ್ಡಪ್ಪ: 1987ರ ಆಗಸ್ಟ್.

ಹುಡುಗಿ: ಭಾರತ-ಶ್ರೀಲಂಕಾ ಒಪ್ಪಂದ?

ದೊಡ್ಡಪ್ಪ: ಜುಲೈ 29... ಹೌದಲ್ವಾ, ಅದೇ ವರ್ಷ. ಎರಡನ್ನೂ ಒಟ್ಟಿಗಿಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಹುಡುಗಿ: ಒಂದೇ ಮಳೆಗಾಲ, ದೊಡ್ಡಪ್ಪ. ಸ್ವೀಡನ್ನಿಂದ ಬರೋ 410 ಫಿರಂಗಿ, 1,437 ಕೋಟಿ ರೂಪಾಯಿ, ಅದರಲ್ಲಿ ಲಂಚ ಎಷ್ಟು ಅಂತ ಕಲಾಪ ನಿಂತುಹೋಗ್ತಿತ್ತು. ಅತ್ತ ಆ ಒಪ್ಪಂದದ ಮೇಲೆ ನಮ್ಮ ಸೈನ್ಯ ಸಮುದ್ರ ದಾಟಿ ಯಾಳ್ಪಾಣಕ್ಕೆ, ಅಂದ್ರೆ ಜಾಫ್ನಾಕ್ಕೆ ಹೋಯ್ತು, ಅದಕ್ಕೆ ಮುಂಚೆ ಸಂಸತ್ತಿನ ಒಪ್ಪಿಗೆ ಪಡೀಬೇಕು ಅನ್ನೋ ನಿಯಮವೇ ಇರಲಿಲ್ಲ. ಈಗಲೂ ಇಲ್ಲ. ಒಳಗೆ ಬರೋ ಬಂದೂಕಿನ ಲೆಕ್ಕ ಕೇಳೋದು ನಮ್ಮ ಸಂಸತ್ತಿಗೆ ಚೆನ್ನಾಗಿ ಗೊತ್ತು, ಯಾಕಂದ್ರೆ ಅಲ್ಲಿ ದುಡ್ಡಿದೆ. ಹೊರಗೆ ಹೋಗೋ ಬಂದೂಕಿನ ಲೆಕ್ಕದಲ್ಲಿ ಬೇರೆ ದೇಶದವರ ಪ್ರಾಣ ಮಾತ್ರ ಇದೆ.

ದೊಡ್ಡಪ್ಪ: ನಮ್ಮವರದ್ದೂ ಇತ್ತು. ಸುಮಾರು 1,200 ಯೋಧರು ಅಲ್ಲಿಂದ ವಾಪಸು ಬರಲಿಲ್ಲ. ಅವರನ್ನ ಕಳಿಸಿದವರು ಅವರಿಗೂ ಸರಿಯಾಗಿ ಹೇಳಿರಲಿಲ್ಲ, ಯಾರ ಜೊತೆ ಶಾಂತಿ, ಯಾರ ಮೇಲೆ ಯುದ್ಧ ಅಂತ.

ಹುಡುಗಿ: 1987ರ ಅಕ್ಟೋಬರ್ 21, ದೀಪಾವಳಿ ದಿನ, ಯಾಳ್ಪಾಣದ ಆಸ್ಪತ್ರೆಯಲ್ಲಿ ರೋಗಿಗಳು, ವೈದ್ಯರು, ದಾದಿಯರು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ಎರಡೂ ಕಡೆಯ ಗುಂಡಿಗೆ ಸಿಕ್ಕಿ ಸತ್ತರು ಅಂತ ಸೇನೆ ಹೇಳಿತು, ಬದುಕಿ ಉಳಿದವರು ಬೇರೆಯದನ್ನೇ ಹೇಳಿದರು. 1989ರ ಆಗಸ್ಟ್ ಮೊದಲ ವಾರ ವಲ್ವೆಟ್ಟಿತ್ತುರೈಯಲ್ಲಿ 50ಕ್ಕೂ ಹೆಚ್ಚು ನಾಗರಿಕರು. ಇದನ್ನ ದೊಡ್ಡ ದನಿಯಲ್ಲಿ ಕೇಳಿದ ಒಬ್ಬ ಮನುಷ್ಯ ಇದ್ದರು. ಅವರೂ ಕರ್ನಾಟಕದವರೇ.

ದೊಡ್ಡಪ್ಪ: ಜಾರ್ಜ್. ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ವಲ್ವೆಟ್ಟಿತ್ತುರೈಯನ್ನ ಭಾರತದ ಮೈ ಲಾಯ್ ಅಂತ ಕರೆದು ಪುಸ್ತಕವನ್ನೇ ಹೊರತಂದರು. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರು ಮಾಡಿದ ಕೊಲೆಗಳ ಹೆಸರನ್ನ ನಮ್ಮ ಸೇನೆಯ ಪಕ್ಕ ಇಟ್ಟರು. ಎಷ್ಟು ಜನಕ್ಕೆ ಸಿಟ್ಟು ಬಂತು ಗೊತ್ತಾ?

ಹುಡುಗಿ: ಆಗ ಅವರು ಸಂಸದರಾ?

ದೊಡ್ಡಪ್ಪ: ಅಲ್ಲ. ಅದೇ ವಿಚಿತ್ರ. 1984ರಲ್ಲಿ ಬೆಂಗಳೂರು ಉತ್ತರದಿಂದ ನಿಂತು ಜಾಫರ್ ಷರೀಫರ ಎದುರು ಸೋತಿದ್ದರು. ಆ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 24 ಕಾಂಗ್ರೆಸ್ಸಿಗೆ. ನಮ್ಮ ದಾವಣಗೆರೆಯಿಂದ ಚನ್ನಯ್ಯ ಒಡೆಯರ್. ಒಟ್ಟು ಲೋಕಸಭೆಯಲ್ಲಿ 400ಕ್ಕೂ ಮೀರಿ ಒಂದೇ ಪಕ್ಷ. ಕೇಳೋ ಬಾಯಿ ಹೊರಗೆ, ಕೈ ಎತ್ತೋರು ಒಳಗೆ. ಶಂಕರಾನಂದರ ಸಮಿತಿಯನ್ನೇ ವಿರೋಧ ಪಕ್ಷಗಳು ಬಹಿಷ್ಕರಿಸಿದ್ದವು, ಇನ್ನು ಲಂಕೆಯ ಮಾತೆಲ್ಲಿ?

ಹುಡುಗಿ: ಆಮೇಲೆ ಅದೇ ಜಾರ್ಜ್ 1998ರಲ್ಲಿ ರಕ್ಷಣಾ ಸಚಿವರಾದರು.

ದೊಡ್ಡಪ್ಪ: ನೀನು ಎಲ್ಲಿಗೆ ಬರ್ತೀಯ ಅಂತ ಗೊತ್ತು. ಬರ್ಮಾ. ದಿಲ್ಲಿಯ ಅವರ ಮನೆಯಲ್ಲಿ ಬರ್ಮಾದಿಂದ ಓಡಿಬಂದ ಹುಡುಗರಿಗೆ ಜಾಗ ಕೊಟ್ಟಿದ್ದರು. ಮಂತ್ರಿಯಾದ ಮೇಲೂ ಬಿಡಿಸಲಿಲ್ಲ. ಅವರು ಮಂತ್ರಿಯಾಗಿದ್ದಾಗಲೇ, 2000ದಲ್ಲಿ, ಬರ್ಮಾ ಸೇನಾಡಳಿತದ ಎರಡನೇ ಮನುಷ್ಯ ಮೌಂಗ್ ಆಯೆ ದಿಲ್ಲಿಗೆ ಬಂದರು, ಕೆಂಪು ಹಾಸಿನ ಸ್ವಾಗತ ಆಯ್ತು. ಈಶಾನ್ಯದ ಬಂಡುಕೋರರು ಗಡಿಯಾಚೆ ಅಡಗಿದ್ದರು, ಚೀನಾ ಅಲ್ಲಿ ಬೇರು ಬಿಡ್ತಿತ್ತು. ಏನು ಮಾಡಬೇಕಿತ್ತು ಅವರು? ಮನೆಯಲ್ಲಿ ಹುಡುಗರನ್ನ ಇಟ್ಟುಕೊಂಡಿದ್ದೇ ದೊಡ್ಡದು ಅನ್ನೋನು ನಾನು.

ಹುಡುಗಿ: ನಾನು ಅವರ ಗುಣದ ಬಗ್ಗೆ ಹೇಳ್ತಿಲ್ಲ. ಅಷ್ಟು ಒಳ್ಳೆ ಮನಸ್ಸಿನ ಮನುಷ್ಯನಿಂದಲೂ ದೇಶದ ನೀತಿ ಒಂದು ಗೇಣೂ ಸರಿಯಲಿಲ್ಲ. ಮಂತ್ರಿಯ ಮನಸ್ಸಾಕ್ಷಿಯನ್ನ ನಂಬಿ ಕೂತರೆ ಇಷ್ಟೇ. ಮಂತ್ರಿ ಬಯಸಲಿ ಬಿಡಲಿ, ಕಡತ ಸದನದ ಮುಂದೆ ಬರಲೇಬೇಕು ಅನ್ನೋ ಕಾನೂನು ಇದ್ದಿದ್ದರೆ ಜಾರ್ಜ್ ಅವರಿಗೂ ಅದು ಬಲವೇ ಆಗ್ತಿತ್ತು.

ದೊಡ್ಡಪ್ಪ: ಅಮೆರಿಕದಲ್ಲಿ ಇರೋ ಹಾಗೆ?

ಹುಡುಗಿ: ಅಲ್ಲಿದು ಒಂದು ಮಾದರಿ. 1976ರ ಶಸ್ತ್ರ ರಫ್ತು ನಿಯಂತ್ರಣ ಕಾಯ್ದೆ ಪ್ರಕಾರ ದೊಡ್ಡ ಮಾರಾಟಗಳನ್ನ ಅಧ್ಯಕ್ಷರು ಮುಂಚಿತವಾಗಿ ಅಲ್ಲಿಯ ಸಂಸತ್ತಿಗೆ, ಅಂದ್ರೆ ಕಾಂಗ್ರೆಸ್ಸಿಗೆ ತಿಳಿಸಬೇಕು. 1997ರಿಂದ ಲೀಹಿ ಕಾನೂನು ಇದೆ. ವರ್ಮಾಂಟ್ ರಾಜ್ಯದ ಸೆನೆಟರ್ ಪ್ಯಾಟ್ರಿಕ್ ಲೀಹಿ ಅವರ ಹೆಸರಿನದು. ಯಾವ ದೇಶದ್ದೇ ಆಗಲಿ, ಸೇನೆಯ ಒಂದು ತುಕಡಿ ಚಿತ್ರಹಿಂಸೆ, ಅತ್ಯಾಚಾರ, ವಿಚಾರಣೆ ಇಲ್ಲದ ಕೊಲೆ ಮಾಡಿದೆ ಅಂತ ನಂಬಲರ್ಹ ಮಾಹಿತಿ ಇದ್ದರೆ ಆ ತುಕಡಿಗೆ ಅಮೆರಿಕದ ನೆರವು ಹೋಗಬಾರದು.

ದೊಡ್ಡಪ್ಪ: ಕಾಗದದ ಮೇಲೆ. ಗಾಜಾದಲ್ಲಿ ಇಷ್ಟೆಲ್ಲ ಆಯ್ತಲ್ಲ, ಇಸ್ರೇಲಿನ ಯಾವ ತುಕಡಿಗೆ ಆ ಕಾನೂನು ತಗುಲಿತು? 2019ರಲ್ಲಿ ಸೌದಿಗೆ, ಎಮಿರೇಟ್ಸಿಗೆ ಶಸ್ತ್ರ ಬೇಡ ಅಂತ ಕಾಂಗ್ರೆಸ್ಸಿನ ಎರಡೂ ಸದನ ಮೂರು ನಿರ್ಣಯ ಮಾಡಿದವು. ಟ್ರಂಪ್ ಮೂರಕ್ಕೂ ವೀಟೋ ಒತ್ತಿದರು, ಮುಗೀತು. ಬಡ ದೇಶದ ಪೊಲೀಸ್ ಠಾಣೆಗೆ ತಗುಲೋ ಕಾನೂನು ಗೆಳೆಯನ ಮನೆ ಮುಂದೆ ಕುಂಟುತ್ತೆ. ಇನ್ನೊಂದು ಹೇಳ್ತೀನಿ ಕೇಳು, ಇದು ನಾನು ಕಣ್ಣಾರೆ ಕಂಡಿದ್ದು. 1998ರ ಮೇನಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯ್ತು. ಅಂಥ ಪರೀಕ್ಷೆ ಮಾಡಿದವರಿಗೆ ದಿಗ್ಬಂಧನ ಅಂತ ಅವರ ಕಾಂಗ್ರೆಸ್ ಮೊದಲೇ ಮಾಡಿಟ್ಟಿದ್ದ ಗ್ಲೆನ್ ತಿದ್ದುಪಡಿ ನಮ್ಮ ಮೇಲೆ ಬಿತ್ತು. ನಮ್ಮ ಹಗುರ ಯುದ್ಧವಿಮಾನ ಎಲ್‌ಸಿಎಯ ನಿಯಂತ್ರಣ ವ್ಯವಸ್ಥೆಗೆ ಅಮೆರಿಕದ ಕಂಪನಿಯಲ್ಲಿ ಕೆಲಸ ಮಾಡ್ತಿದ್ದ ನಮ್ಮ ಎಂಜಿನಿಯರುಗಳನ್ನ ಹೊರಡಿ ಅಂದರು. ಧ್ರುವ ಹೆಲಿಕಾಪ್ಟರಿಗೆ ಹಾಕಬೇಕಿದ್ದ ಅಮೆರಿಕನ್ ಎಂಜಿನ್ ಕೈತಪ್ಪಿತು, ಫ್ರೆಂಚರ ಕಡೆ ಹೋಗಬೇಕಾಯ್ತು. ಬೆಂಗಳೂರಿನ ಅರ್ಧ ಊರು ಆ ಒಂದು ತಿದ್ದುಪಡಿಯಿಂದ ಕೈಕಟ್ಟಿ ಕೂತಿತ್ತು. ಎಲ್‌ಸಿಎ ಮೊದಲ ಸಲ ಹಾರಿದ್ದು 2001ರ ಜನವರಿ 4ಕ್ಕೆ. ಬೇರೆ ದೇಶದ ಶಾಸಕರು ನಮಗೆ ಪಾಠ ಹೇಳಿದಾಗ ಹೇಗಿರುತ್ತೆ ಅಂತ ನಾವು ಉಂಡವರು. ಈಗ ನಾವೂ ನೇಪಾಳಕ್ಕೆ, ಲಂಕೆಗೆ ಹಾಗೇ ಮಾಡೋಣ ಅಂತೀಯಾ?

ಹುಡುಗಿ: ನಮ್ಮ ಮೇಲೆ ಬಿದ್ದಾಗ ಕೆಟ್ಟದ್ದು, ಸರಿ. ಬೇರೆಯವರ ಮೇಲೆ ಬಿದ್ದಾಗ? 1971ರಲ್ಲಿ ನೀವೆಲ್ಲಿದ್ರಿ?

ದೊಡ್ಡಪ್ಪ: ಇಲ್ಲೇ, ಕಾಲೇಜು ಹುಡುಗ. ಪ್ರತಿ ಕಾಗದಕ್ಕೂ ಐದು ಪೈಸೆಯ ನಿರಾಶ್ರಿತರ ಸ್ಟ್ಯಾಂಪು ಹೆಚ್ಚಿಗೆ ಅಂಟಿಸಬೇಕಿತ್ತು, ನಿಮ್ಮಜ್ಜ ದಿನಾ ಗೊಣಗೋರು. ಪೂರ್ವ ಬಂಗಾಳದಿಂದ, ಅಂದ್ರೆ ಆಗಿನ ಪೂರ್ವ ಪಾಕಿಸ್ತಾನದಿಂದ, ಕೋಟಿ ಜನ ಬಂದಿದ್ದರು.

ಹುಡುಗಿ: ಆಗ ನಿಕ್ಸನ್ ಸರ್ಕಾರ ಪಾಕಿಸ್ತಾನಕ್ಕೆ ಶಸ್ತ್ರ ನಿಲ್ಲಿಸಿದ್ದೀವಿ ಅಂತ ಹೇಳ್ತಾ ಇತ್ತು. ಜೂನಿನಲ್ಲಿ ನ್ಯೂಯಾರ್ಕಿನ ಪತ್ರಿಕೆ ಬರೆಯಿತು, ಹಡಗುಗಳು ಹೋಗ್ತಾನೇ ಇವೆ ಅಂತ. ಸೆನೆಟರ್ ಫ್ರ್ಯಾಂಕ್ ಚರ್ಚ್ ಪದ್ಮಾ ಅನ್ನೋ ಹಡಗಿನ ಹೆಸರು ಹಿಡಿದು ಸೆನೆಟ್ಟಿನಲ್ಲಿ ಮಾತಾಡಿದರು. ಆಗಸ್ಟಿನಲ್ಲಿ ಎಡ್ವರ್ಡ್ ಕೆನಡಿ ಬಂದು ಶಿಬಿರದ ಕೆಸರಿನಲ್ಲಿ ನಡೆದರು. ಬಾಲ್ಟಿಮೋರ್ ಬಂದರಿನಲ್ಲಿ ಸಾಮಾನ್ಯ ಜನ ಪುಟ್ಟ ದೋಣಿಗಳಲ್ಲಿ ಹೋಗಿ ಪದ್ಮಾದ ದಾರಿಗೆ ಅಡ್ಡ ನಿಂತರು. ಅದು ಅಮೆರಿಕದ ವಿದೇಶಾಂಗ ನೀತಿ, ನಿಮಗ್ಯಾಕೆ ಅಂತ ನಾವು ಅವರಿಗೆ ಹೇಳಿದ್ವಾ?

ದೊಡ್ಡಪ್ಪ: ಇಲ್ಲ. ಕೆನಡಿಯ ಫೋಟೊ ಪೇಪರಿನಿಂದ ಕತ್ತರಿಸಿ ಇಟ್ಟುಕೊಂಡ ಗೆಳೆಯರಿದ್ದರು ನನಗೆ. ಆದರೂ ಫಲ? ಪಾಕಿಸ್ತಾನ ಸೋತದ್ದು ನಮ್ಮ ಸೈನ್ಯದಿಂದ, ಕೆನಡಿಯ ಭಾಷಣದಿಂದಲ್ಲ.

ಹುಡುಗಿ: ಯುದ್ಧ ಗೆಲ್ಲಿಸಿ ಅಂತ ಯಾರೂ ಅವರನ್ನ ಕೇಳಿರಲಿಲ್ಲ. ಸರ್ಕಾರ ತನ್ನ ಜನಕ್ಕೆ ಸುಳ್ಳು ಹೇಳ್ತಾ ಇದೆ ಅನ್ನೋದು ಅವರಿಂದ ಬೆಳಕಿಗೆ ಬಂತು. ನನಗೆ ಬೇಕಾದ್ದು ಅಷ್ಟೇ. ನಿಷೇಧದ ಕಾನೂನು ಆಮೇಲಿನ ಮಾತು. ಮೊದಲು ತಿಳಿಸೋ ಕಾನೂನು ಬರಲಿ. ಸ್ವೀಡನ್ ನೋಡಿ, ಬೋಫೋರ್ಸ್ ಮಾರಿದ ದೇಶವೇ. 1996ರಿಂದ ಅಲ್ಲಿ ರಫ್ತು ನಿಯಂತ್ರಣ ಮಂಡಳಿ ಅಂತ ಇದೆ, ಸಂಸತ್ತಿನ ಪಕ್ಷಗಳ ಸದಸ್ಯರು ಕೂರ್ತಾರೆ. ಬಾಗಿಲು ಹಾಕಿಯೇ ಮಾತಾಡ್ತಾರೆ. ಗುಟ್ಟಿನ ಕಡತವನ್ನೂ ಜನ ಆರಿಸಿದವರು ನೋಡ್ತಾರೆ ಅನ್ನೋದು ಮುಖ್ಯ.

ದೊಡ್ಡಪ್ಪ: ನಮ್ಮಲ್ಲೂ ರಕ್ಷಣಾ ಸ್ಥಾಯಿ ಸಮಿತಿ ಇದೆಯಲ್ಲ, 1993ರಿಂದ.

ಹುಡುಗಿ: ಇದೆ. ಬಜೆಟ್ಟಿನ ಬೇಡಿಕೆ ನೋಡುತ್ತೆ, ಹೊಸ ವಿಮಾನ ಯಾಕೆ ತಡ ಅಂತ ಕೇಳುತ್ತೆ, ಒಳ್ಳೊಳ್ಳೆ ವರದಿ ಬರೆಯುತ್ತೆ. ಮಾಡಬಾರದು ಅಂತ ಅದನ್ನ ತಡೆದವರಿಲ್ಲ. ಆದರೆ ರಫ್ತಿನ ಒಂದೊಂದು ಪರವಾನಗಿಯನ್ನ ಅದರ ಮುಂದಿಡಬೇಕು ಅಂತ ಹೇಳಿದವರೂ ಇಲ್ಲ. ರಫ್ತಿಗೆ ಅನುಮತಿ ಕೊಡೋದು 1992ರ ವಿದೇಶಿ ವ್ಯಾಪಾರ ಕಾಯ್ದೆ ಕೆಳಗಿನ ಸ್ಕೋಮೆಟ್ ಪಟ್ಟಿ ಪ್ರಕಾರ. ಶಸ್ತ್ರಾಸ್ತ್ರ ಅದರ ಆರನೇ ವರ್ಗ, ರಕ್ಷಣಾ ಉತ್ಪಾದನಾ ಇಲಾಖೆಯ ಅಧಿಕಾರಿಗಳು ಒಪ್ಪಬೇಕು. ಮಾಲು ಮೂರನೆಯವರ ಕೈಗೆ ಹೋಗಬಾರದು, ಉಗ್ರರಿಗೆ ಸಿಗಬಾರದು, ಎಲ್ಲ ಸರಿ. ಕೊಳ್ಳೋ ಸೇನೆ ತನ್ನ ಜನರನ್ನೇ ಹೇಗೆ ನಡೆಸಿಕೊಳ್ಳುತ್ತೆ ಅಂತ ನೋಡಲೇಬೇಕು ಅನ್ನೋ ಷರತ್ತು ಆ ಕಾಯ್ದೆಯಲ್ಲಿ ಇಲ್ಲ.

ದೊಡ್ಡಪ್ಪ: ಕಾಯ್ದೆ ಮಾಡೋರು ಯಾರು? ಅದೇ ಸಂಸದರು. ಮಾಡಬಹುದಲ್ಲ?

ಹುಡುಗಿ: ಸಂವಿಧಾನದಲ್ಲಿ ದಾರಿ ಇದೆ. ಒಪ್ಪಂದ, ಯುದ್ಧ, ಶಾಂತಿ ಎಲ್ಲವೂ ಕೇಂದ್ರ ಪಟ್ಟಿಯಲ್ಲಿವೆ, ಸಂಸತ್ತು ಶಾಸನ ಮಾಡಬಹುದು. ಮಾಡದೇ ಇರೋದರಿಂದ 73ನೇ ವಿಧಿಯ ಬಲದ ಮೇಲೆ ಸರ್ಕಾರವೇ ಎಲ್ಲ ನಡೆಸುತ್ತೆ. ನಮ್ಮ ಬೆಂಗಳೂರಿನ ಎಂ.ಎನ್. ವೆಂಕಟಾಚಲಯ್ಯನವರ ಸಂವಿಧಾನ ಪುನರ್‌ವಿಮರ್ಶಾ ಆಯೋಗ 2002ರಲ್ಲಿಯೇ ಹೇಳಿತ್ತು, ಯಾವ ಒಪ್ಪಂದಕ್ಕೆ ಸಂಸತ್ತಿನ ಒಪ್ಪಿಗೆ ಬೇಕು ಅಂತ ಒಂದು ಕಾಯ್ದೆ ಮಾಡಿ ಅಂತ. ಕಡತ ಹಾಗೇ ಮಲಗಿದೆ.

ದೊಡ್ಡಪ್ಪ: ಮಲಗುತ್ತೆ. ಯಾಕೆ ಅಂತ ನಾನು ಹೇಳ್ತೀನಿ. 1985ರ ಪಕ್ಷಾಂತರ ತಡೆ ಕಾನೂನು. ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗುತ್ತೆ. ಲೀಹಿ ತನ್ನ ಪಕ್ಷದ ಅಧ್ಯಕ್ಷನಿಗೂ ಇಲ್ಲ ಅನ್ನಬಹುದಿತ್ತು. ನಮ್ಮ ಆಳುವ ಪಕ್ಷದ ಸಂಸದ ಹಾಗೆ ಅಂದರೆ ಮಾರನೇ ದಿನ ಊರಿಗೆ ಬಂದು ಮಂಡಕ್ಕಿ ತಿನ್ನುತ್ತ ಕೂರಬೇಕು. ನಮ್ಮಲ್ಲಿ ಸರ್ಕಾರದ ಕೈ ಹಿಡಿಯೋರು ಬೇರೆ. ಮೈತ್ರಿ ಪಕ್ಷಗಳು. 2005ರ ಫೆಬ್ರುವರಿ 1ಕ್ಕೆ ನೇಪಾಳದ ರಾಜ ಜ್ಞಾನೇಂದ್ರ ಸರ್ಕಾರ ವಜಾ ಮಾಡಿ ಅಧಿಕಾರ ಕಿತ್ತುಕೊಂಡ. ಆವರೆಗೆ ಮಾವೋವಾದಿಗಳ ವಿರುದ್ಧ ನಾವು ಅವನ ಸೇನೆಗೆ ಇನ್ಸಾಸ್ ಬಂದೂಕು ಕೊಟ್ಟಿದ್ವಿ, ನಮ್ಮ ಧ್ರುವ ಕೂಡ. ಅದೇ ತಿಂಗಳು ಸರಬರಾಜು ನಿಲ್ಲಿಸಿದ್ವಿ. ಏಪ್ರಿಲ್‌ನಲ್ಲಿ ಮತ್ತೆ ಶುರುವಾಗುತ್ತೆ ಅಂತ ರಾಜ ಹೇಳಿಕೊಂಡಾಗ ಎಡಪಕ್ಷಗಳು ತಕರಾರು ತೆಗೆದವು. ಅವರ ಬೆಂಬಲದ ಮೇಲೆ ಮನಮೋಹನ್ ಸರ್ಕಾರ ನಿಂತಿತ್ತಲ್ಲ.

ಹುಡುಗಿ: 2013ರಲ್ಲಿ ಡಿಎಂಕೆ. ಮಾರ್ಚ್ 19ಕ್ಕೆ ಬೆಂಬಲ ವಾಪಸು, ಎರಡು ದಿನಕ್ಕೆ ಜಿನೀವಾದ ಮಾನವ ಹಕ್ಕು ಮಂಡಳಿಯಲ್ಲಿ ಶ್ರೀಲಂಕಾದ ವಿರುದ್ಧದ ನಿರ್ಣಯಕ್ಕೆ ಭಾರತದ ಮತ. ಮರುವರ್ಷ ಅದೇ ವೇದಿಕೆಯಲ್ಲಿ ತಟಸ್ಥ. ಲಂಕೆಯ ತಮಿಳರ ಪಾಡು ಒಂದು ವರ್ಷದಲ್ಲಿ ಬದಲಾಗಿತ್ತಾ, ಅಥವಾ ನಮ್ಮ ಮೈತ್ರಿಕೂಟದ ಲೆಕ್ಕವಾ?

ದೊಡ್ಡಪ್ಪ: ಯಲಹಂಕದ ಕತೆ ಇನ್ನೂ ಚೆನ್ನಾಗಿದೆ. 2012ರ ಜುಲೈ. ಲಂಕೆಯ ವಾಯುಪಡೆಯ ಒಂಬತ್ತು ಜನ ಮದ್ರಾಸಿನ ತಾಂಬರಂನಲ್ಲಿ ತರಬೇತಿಗೆ ಬಂದಿದ್ದರು. ಜಯಲಲಿತಾ ಗುಡುಗಿದರು. ಕೇಂದ್ರ ಏನು ಮಾಡಿತು? ಅವರನ್ನ ನಮ್ಮ ಯಲಹಂಕಕ್ಕೆ ತಂದಿಟ್ಟಿತು! ಅಲ್ಲಿ ಕೂಡದು ಅನ್ನೋದು ಇಲ್ಲಿ ಆಗಬಹುದು. ಜಯಲಲಿತಾ ಅದಕ್ಕೂ ಒಪ್ಪಲಿಲ್ಲ, ಅವರ ದೇಶಕ್ಕೇ ಕಳಿಸಿ ಅಂದರು. ನಮ್ಮಲ್ಲಿ ಯಾರಿಗೂ ಅದು ವಿಷಯವೇ ಅಲ್ಲ. ಬೆಂಗಳೂರಿನಲ್ಲಿದ್ದ ನಾನೂ ಪೇಪರು ಓದಿ ಮಡಚಿಟ್ಟೆ.

ಹುಡುಗಿ: ಅದೇ ನನಗೆ ಕೊರೆಯೋದು. ಅವರಿಗೆ ತಮಿಳರ ನೋವು, ನಮಗೆ ಯಾರ ನೋವು? ರಕ್ತಸಂಬಂಧ ಇದ್ದರೆ ಮಾತ್ರ ಕೇಳೋದು ಅಂತಾದರೆ, ದಿಲ್ಲಿಯಲ್ಲಿ ಬಂಧುಗಳಿಲ್ಲದ ರೊಹಿಂಗ್ಯಾಗಳನ್ನ, ಚಿನ್ ಜನರನ್ನ ಕೇಳೋರ್ಯಾರು? ಮೈತ್ರಿ ಪಕ್ಷ ಇವತ್ತು ಇರುತ್ತೆ, ನಾಳೆ ಬಹುಮತ ಬಂದರೆ ಬೇಡ.

ದೊಡ್ಡಪ್ಪ: ಮಿಜೋರಾಂನವರು ಕೇಳಿದರಲ್ಲ. 2021ರಲ್ಲಿ ಬರ್ಮಾದಲ್ಲಿ, ಈಗಿನ ಮಯನ್ಮಾರಿನಲ್ಲಿ, ಸೇನೆಯ ದಂಗೆ ಆದ ಮೇಲೆ ಹತ್ತಾರು ಸಾವಿರ ಚಿನ್ ಜನ ಗಡಿ ದಾಟಿ ಬಂದಾಗ, ವಾಪಸು ಕಳಿಸಿ ಅಂತ ಕೇಂದ್ರ ಹೇಳಿದರೂ ಆ ಪುಟ್ಟ ರಾಜ್ಯ ಇಟ್ಟುಕೊಂಡಿತು.

ಹುಡುಗಿ: ಅವರು ಓಡಿಬಂದದ್ದು ಯಾವ ಸೇನೆಗೆ ಹೆದರಿ? ದಂಗೆಗೆ ಕೆಲವೇ ತಿಂಗಳ ಹಿಂದೆ, 2020ರಲ್ಲಿ, ನಾವು ಆ ಸೇನೆಗೆ ಸಿಂಧುವೀರ ಜಲಾಂತರ್ಗಾಮಿ ಕೊಟ್ಟಿದ್ವಿ. ದಂಗೆಯ ನಂತರದ್ದು ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರ ಮೇನಲ್ಲಿ ಬರೆದಿದ್ದಾರೆ. ಮಯನ್ಮಾರಿಗೆ ಹೋದ ಶಸ್ತ್ರ ಮತ್ತು ಸಂಬಂಧಿತ ಸಾಮಾನು ನೂರು ಕೋಟಿ ಡಾಲರ್. ರಷ್ಯಾ 40.6 ಕೋಟಿ, ಚೀನಾ 26.7 ಕೋಟಿ, ಸಿಂಗಾಪುರ 25.4 ಕೋಟಿ, ಭಾರತ 5.1 ಕೋಟಿ. ಹೆಸರಿಸಿದ ಕಂಪನಿಗಳಲ್ಲಿ...

ದೊಡ್ಡಪ್ಪ: ಗೊತ್ತು. ಬಿಇಎಲ್ ಇದೆ.

ಹುಡುಗಿ: ದಂಗೆಗೆ ಮುಂಚೆ ಚುನಾಯಿತ ಸರ್ಕಾರಕ್ಕೆ ಕೊಟ್ಟ ಮಾತು, ನಮ್ಮ ಭದ್ರತೆಯ ಅಗತ್ಯ ಅನ್ನೋ ಧಾಟಿಯಲ್ಲಿ ನಮ್ಮ ಕಡೆಯ ಸಮಜಾಯಿಷಿ.

ದೊಡ್ಡಪ್ಪ: ಬೇರೆಯವರಿಗೆ ಹೋಲಿಸಿದರೆ ನಮ್ಮದು ಸಣ್ಣದು. ಕೊಡದೇ ಇದ್ದರೆ ಆ ಜಾಗಕ್ಕೂ ಚೀನಾನೇ ಬರುತ್ತೆ.

ಹುಡುಗಿ: ಇದನ್ನ ನಂಬಿ ಹೇಳ್ತಿದ್ದೀರಾ, ಅಭ್ಯಾಸಬಲದಿಂದಲಾ?

ದೊಡ್ಡಪ್ಪ: ಎರಡೂ ಇದೆ. ನೋಡವ್ವ, ನನ್ನ ಅಪ್ಪ ಹರಿಹರದ ಮೈಸೂರು ಕಿರ್ಲೋಸ್ಕರ್ ಫ್ಯಾಕ್ಟರಿಯಲ್ಲಿ ಲೇತ್ ಜೋಡಿಸೋರು. ಆ ಲೇತ್ ದೇಶದಾದ್ಯಂತ ಹೋಗ್ತಿತ್ತು. ಅದರ ಮೇಲೆ ಪಂಪಿನ ಶಾಫ್ಟ್ ಕಡೀತಾರೋ, ಗುಂಡಿನ ಚಿಪ್ಪು ಕಡೀತಾರೋ ಅಂತ ಅಪ್ಪ ಕೇಳಲಿಲ್ಲ. ಕೇಳೋದು ಕೆಲಸಗಾರನ ಕೆಲಸ ಅಲ್ಲ ಅನ್ನೋದನ್ನ ಹಾಲಿನ ಜೊತೆ ಕುಡಿದು ಬೆಳೆದವನು ನಾನು. ಮೂವತ್ತು ವರ್ಷ ಚೆನ್ನಾಗಿ ಸಂಬಳ ತಗೊಂಡೆ. ಈ ಮನೆ ಕಟ್ಟಿದ್ದೂ ಅದರಲ್ಲೇ.

ಹುಡುಗಿ: ಕೆಲಸಗಾರನ ಕೆಲಸ ಅಲ್ಲ, ಒಪ್ತೀನಿ. ನಿಮ್ಮ ಪರವಾಗಿ, ಅಜ್ಜನ ಪರವಾಗಿ ಕೇಳೋಕೇ ಒಬ್ಬರನ್ನ ಆರಿಸಿ ಕಳಿಸ್ತೀವಲ್ಲ, ಅವರ ಕೆಲಸ. ಬಿಇಎಲ್ ಆಗಲಿ ಎಚ್‌ಎಎಲ್ ಆಗಲಿ ಹೆಚ್ಚಿನ ಪಾಲು ಸರ್ಕಾರದ್ದು, ಅಂದರೆ ಜನರದ್ದು. ಖಾಸಗಿ ಕಂಪನಿಯ ವ್ಯಾಪಾರ ಅಂತ ಕೈ ತೊಳ್ಕೊಳ್ಳೋಕೂ ಆಗಲ್ಲ.

ದೊಡ್ಡಪ್ಪ: ಕೋರ್ಟಿಗೆ ಹೋಗೋದು ತಾನೇ? ನಿಮ್ಮ ಲಾಯರ್ ರಸ್ತೆಯಲ್ಲಿ ಪಿಐಎಲ್ ಅಂದರೆ ಉತ್ಸಾಹ ಜಾಸ್ತಿ.

ಹುಡುಗಿ: ಹೋಗಿದ್ದಾರೆ. 2024ರಲ್ಲಿ ನಿವೃತ್ತ ರಾಜತಾಂತ್ರಿಕ ಅಶೋಕ್ ಕುಮಾರ್ ಶರ್ಮಾ ಮತ್ತಿತರರು, ಇಸ್ರೇಲಿಗೆ ಶಸ್ತ್ರ ರಫ್ತು ಮಾಡೋ ಪರವಾನಗಿಗಳನ್ನ ರದ್ದು ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಸೆಪ್ಟೆಂಬರ್ 9ಕ್ಕೆ ವಜಾ. ವಿದೇಶಾಂಗ ನೀತಿ ನಮ್ಮ ವ್ಯಾಪ್ತಿಯಲ್ಲ, ಅದು ಸರ್ಕಾರದ್ದು ಅಂದಿತು ಕೋರ್ಟು. ಕಾನೂನಿನ ದೃಷ್ಟಿಯಿಂದ ತೀರ್ಪನ್ನ ನಾನು ಬಯ್ಯಲ್ಲ. ಇನ್ನೊಂದು ದೇಶ ನರಮೇಧ ಮಾಡ್ತಿದೆಯಾ ಅಂತ ನಮ್ಮ ನ್ಯಾಯಾಧೀಶರು ಹೇಗೆ ತೀರ್ಮಾನ ಮಾಡ್ತಾರೆ? ಆದರೆ ಆಮೇಲೆ ಉಳಿದ ಬಾಗಿಲು ಯಾವುದು? ಮಾನವ ಹಕ್ಕು ಆಯೋಗದ ಕೈ ಗಡಿಯಾಚೆ ಚಾಚಲ್ಲ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ 8(1)(ಎ) ಕಲಂ, ವಿದೇಶದೊಂದಿಗಿನ ಸಂಬಂಧ ಕೆಡುತ್ತೆ ಅಂತ. ಎಲ್ಲ ಬಾಗಿಲೂ ಸಂಸತ್ತಿನ ಕಡೆಗೇ ಬೆರಳು ತೋರಿಸ್ತವೆ, ಸಂಸತ್ತು ಮೇಲೆ ನೋಡ್ತಾ ಕೂತಿದೆ.

ದೊಡ್ಡಪ್ಪ: ಸರಿ, ಪ್ರಶ್ನೆ ತೋರಿಸು. ಏನು ಬರೆದಿದ್ದೀಯ?

ಹುಡುಗಿ: "ರಕ್ಷಣಾ ಸಚಿವರು ದಯವಿಟ್ಟು ಉತ್ತರಿಸುವರೇ: (ಅ) 2021ರ ಫೆಬ್ರುವರಿ 1ರ ನಂತರ ಮಯನ್ಮಾರಿನ ಕ್ರೂರ ಸೇನಾಡಳಿತಕ್ಕೆ ರಫ್ತು ಮಾಡಲಾದ ಶಸ್ತ್ರಾಸ್ತ್ರಗಳ ವಿವರ, (ಆ) ಅವುಗಳನ್ನು ನಾಗರಿಕರ ಮೇಲೆ ಬಳಸಲಾಗಿದೆಯೇ, (ಇ)..."

ದೊಡ್ಡಪ್ಪ: ನಿಲ್ಲು ನಿಲ್ಲು. ಮೊದಲನೇ ಸಾಲಿಗೇ ಕಸದ ಬುಟ್ಟಿ ಸೇರುತ್ತೆ. ಕ್ರೂರ ಅಂತ ಬರೆದರೆ ಸದನದ ನಿಯಮ ಒಪ್ಪುತ್ತಾ?

ಹುಡುಗಿ: 41ನೇ ನಿಯಮ. ಸ್ನೇಹಿತ ದೇಶದ ಬಗ್ಗೆ ಅಗೌರವದ ಮಾತು ಪ್ರಶ್ನೆಯಲ್ಲಿ ಇರಕೂಡದು. ಅಭಿಪ್ರಾಯವೂ ಇರಕೂಡದು. 150 ಪದ ದಾಟಬಾರದು.

ದೊಡ್ಡಪ್ಪ: ಮತ್ತೆ ಗೊತ್ತಿದ್ದೂ ಬರೆದೆ. ಕ್ರೂರ ತೆಗಿ. ಮಯನ್ಮಾರನ್ನೂ ತೆಗಿ.

ಹುಡುಗಿ: ಮಯನ್ಮಾರ್ ತೆಗೆದರೆ ಏನುಳಿಯುತ್ತೆ?

ದೊಡ್ಡಪ್ಪ: ದೇಶದ ಹೆಸರು ಹಾಕಿದ ಕೂಡಲೇ ಅವರ ಕೈಗೆ ಆಯಕಟ್ಟು ಅನ್ನೋ ಗುರಾಣಿ ಕೊಡ್ತೀಯ. ಏನು ಮಾರಿದ್ರಿ ಅಂತ ಕೇಳಿದರೆ ಗುಟ್ಟು ಅಂತಾರೆ. ಏನು ಮಾರಲಿಲ್ಲ ಅಂತ ಕೇಳು. ಕಳೆದ ಹತ್ತು ವರ್ಷದಲ್ಲಿ ಆರನೇ ವರ್ಗದಲ್ಲಿ ಬಂದ ಅರ್ಜಿ ಎಷ್ಟು, ಅದರಲ್ಲಿ ಕೊಳ್ಳುವ ದೇಶದ ಮಾನವ ಹಕ್ಕುಗಳ ಸ್ಥಿತಿ ನೋಡಿ ತಿರಸ್ಕರಿಸಿದ್ದು ಎಷ್ಟು? ಬರೀ ಸಂಖ್ಯೆ. ಯಾವ ದೇಶ, ಯಾವ ಸಾಮಾನು ಏನೂ ಬೇಡ. ಸಂಖ್ಯೆಯಿಂದ ಯಾವ ಗುಟ್ಟೂ ಒಡೆಯಲ್ಲ. ಇಲ್ಲ ಅನ್ನೋಕೆ ಅವರಿಗೆ ನೆಪ ಸಿಗಲ್ಲ.

ಹುಡುಗಿ: ಹಾಗೆ ವಿಂಗಡಿಸಿ ಲೆಕ್ಕ ಇಟ್ಟಿಲ್ಲ ಅಂತ ಉತ್ತರ ಬಂದರೆ?

ದೊಡ್ಡಪ್ಪ: ಬರಲಿ. ಹಾಗೆ ನೋಡೋ ಪದ್ಧತಿಯೇ ಇಲ್ಲ ಅಂತ ಸಚಿವರ ಸಹಿಯಲ್ಲಿ ಸದನದ ದಾಖಲೆಗೆ ಸೇರುತ್ತೆ. ಆಮೇಲೆ ಸ್ಥಾಯಿ ಸಮಿತಿಗೆ ಬರಿ, ಈ ಉತ್ತರ ಲಗತ್ತಿಸಿ.

ಹುಡುಗಿ: ನೀವು ನನ್ನ ಕಡೆಗೆ ಬಂದಿರಾ?

ದೊಡ್ಡಪ್ಪ: ಇಲ್ಲ. ನೆರೆಹೊರೆಗೆ ಶಸ್ತ್ರ ಕೊಡಬೇಕಾಗುತ್ತೆ ಅಂತ ಇನ್ನೂ ಹೇಳ್ತೀನಿ. ಅಮೆರಿಕದ ಕಾನೂನನ್ನ ನಕಲು ಹೊಡೆದರೆ ನಾಳೆ ಅದೇ ಕಾನೂನು ಹಿಡಿದು ಇನ್ನೊಬ್ಬ ನಮ್ಮ ಮೇಲೆ ಬರ್ತಾನೆ ಅಂತಲೂ ಹೇಳ್ತೀನಿ. ಆದರೆ ಆ ಇಬ್ಬರಿಗೆ ವವುನಿಯಾದಲ್ಲಿ ಪೆಟ್ಟಾದ ಮೇಲೆ ಅವರು ಯಾಕೆ ಅಲ್ಲಿದ್ದರು ಅಂತ ನಾವೆಲ್ಲ ಪೇಪರಿನಲ್ಲಿ ಓದಬೇಕಾಯ್ತಲ್ಲ, ಅದು ನನಗೆ ಆಗಲೂ ಸರಿ ಕಂಡಿರಲಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ ಮಾಡಬೇಡ, ಚೀಟಿ ಎತ್ತಿ ದಿನಕ್ಕೆ ಇಪ್ಪತ್ತೇ ತಗೊಳ್ಳೋದು. ಲಿಖಿತ ಉತ್ತರದ್ದು ಮಾಡು, ಅದಕ್ಕೆ 230ರವರೆಗೆ ಜಾಗ ಇದೆ ಅಲ್ವಾ?

ಹುಡುಗಿ: ಹೌದು. ಹದಿನೈದು ದಿನ ಮುಂಚೆ ನೋಟಿಸ್ ಕೊಡಬೇಕು.

ದೊಡ್ಡಪ್ಪ: ಹಾಗಾದರೆ ಅಧಿವೇಶನದ ದಿನಾಂಕ ನೋಡಿಕೊಂಡು ಈ ವಾರವೇ ಕೊಟ್ಟು ಬಾ. ಮೆಕ್ಕೆಜೋಳದ್ದೂ ಒಂದು ಪ್ರಶ್ನೆ ಬರೆದುಕೊಂಡು ಹೋಗು. ಪಿ.ಎ. ಅದನ್ನ ನೋಡಿ ನಿನ್ನನ್ನ ಕೂರಿಸ್ತಾನೆ.